ಅತ್ತೆಯ ಗುಡ್ಡಕ್ಕೆ ಅಂಟಿದ ಕಾಫಿ

ಬಣ್ಣದ ಆರಾಧಕರೇ, ಕುಂಚದ ಸಾಧಕರೇ! ತೈಲವರ್ಣ ಒಣಗುವ ಬಗೆ ಎಂಬ ಗಹನ ವಿಷಯದ ಮೇಲೆ ಈಗ ನನ್ನ ಉಪನ್ಯಾಸ. ಇದೀಗ, ಬಣ್ಣ ತೆಳುಮಾಡುವ ಟರ್ಪೆಂಟೈನ್ ಎಣ್ಣೆಯ ಸೀಸೆಯ ಮುಚ್ಚಳ ತೆಗೆದೆ. ಆ ವಾಸನೆಗೆ ಆಲೂರಿನ ನಮ್ಮ ಕಾಫಿ ಒಣಗಿಸುವ ಕಣವೇ ಕಣ್ಣೆದುರು ಬಂತು.

ಅತ್ತೆ, ಅಂದರೆ ಅಪ್ಪನ ತಂಗಿ, ಮನೆಯೆದುರಿನ ಗುಡ್ಡದ ಚಿತ್ರ ಬಿಡಿಸುತ್ತಿದ್ದಳು. ಒಂದು ಪದರ ಬಳಿದು, ಕ್ಯಾನ್ವಾಸನ್ನು ಕಣದ ಮೂಲೆಯಲ್ಲಿ ಬಿಸಿಲಿಗೆ ಮಲಗಿಸುವಳು. ಒಣಗಿದ ಮೇಲೆ ಇನ್ನೊಂದು ಪದರ. ಅಜ್ಜನಿಗೆ ಅದನ್ನು ಕಂಡರಾಗದು.

"ಎತ್ತೇ ಆಚೆ! ಕಾಫಿ ಹರವೋ ಜಾಗ ಇದು."

"ಹಸಿ ಐತೆ ಅಪ್ಪಯ್ಯ, ಎತ್ತಲ್ಲ."

ಅಜ್ಜ ಮರದ ಗೋರೆಯಿಂದ ಕಾಫಿಬೀಜವನ್ನು ಚಿತ್ರದ ಮೇಲೆಯೇ ಎಳೆದುಬಿಟ್ಟರು. ಹಸಿ ಗುಡ್ಡದ ತುಂಬ ಬೀಜ ಅಂಟಿಕೊಂಡಿತು. ಅತ್ತೆ ಅಳಲಿಲ್ಲ. ಬಣ್ಣ ಕಲಸುವ ಚಪ್ಪಟೆ ಚಾಕುವಿನಿಂದ ಒಂದೊಂದೇ ಬೀಜ ಒಳಕ್ಕೆ ಒತ್ತಿ, ಮೇಲೆ ಇನ್ನಷ್ಟು ಹಸಿರು ಮೆತ್ತಿದಳು.

"ಬೀಜ ಕಿತ್ಕೊಡೇ!"

"ನಿಮ್ಮ ಗುಡ್ಡದಾಗೆ ಮಾತ್ರ ಕಾಫಿ ಬೆಳೀಬೇಕಾ? ನನ್ನ ಗುಡ್ಡದಾಗೂ ಬೆಳೀಲಿ ಬಿಡಿ."

ಆ ಗುಡ್ಡ ಈಗ ನನ್ನ ಗೋಡೆಯ ಮೇಲಿದೆ. ಸವರಿದರೆ ಬೀಜಗಳು ಬೆರಳಿಗೆ ಸಿಗುತ್ತವೆ.

ಉಪನ್ಯಾಸ ಸಾಕು. ನನಗೆ ಒಂದು ಗೆರೆ ಎಳೆಯಲೂ ಬಾರದು. ಅತ್ತೆ ತೀರಿಕೊಂಡ ಮೇಲೆ ಆ ವಾಸನೆ ಬೇಕೆನ್ನಿಸಿ ಸೀಸೆ ಕೊಂಡೆ, ಅಷ್ಟೇ.