ಬಿಳಿ ಗೆರೆಯ ಮೇಲಿನ ಚುಕ್ಕೆಗಳು

ಗಣಿಯ ದೀಪದ ಕೋಣೆಗೆ ಒಂದೇ ಬಾಗಿಲು, ಒಂದೇ ಕಿಟಕಿ. ಮೂರು ಗೋಡೆಯ ತುಂಬ ಹಲಗೆಗಳು, ಹಲಗೆಗಳ ಮೇಲೆ ನಂಬರು ಬರೆದ ಟೋಪಿ ದೀಪಗಳು, ಚಾರ್ಜಿಗೆ ಇಟ್ಟ ಒಂದೊಂದಕ್ಕೂ ಒಂದೊಂದು ಕೆಂಪು ಕಣ್ಣು. ಇಪ್ಪತ್ತಾರು ವರ್ಷದಿಂದ ಅಲ್ಲಿ ಸ್ಟೂಲಿನ ಮೇಲೆ ಕೂತವಳನ್ನು ಊರೆಲ್ಲ ದೀಪದಕ್ಕ ಎನ್ನುತ್ತದೆ. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ನಾನೂ ಹಾಗೇ ಅನ್ನುತ್ತೇನೆ.

ಪಾಳಿಗೆ ಬಂದವನು ಕಿಟಕಿಯೊಳಗೆ ತನ್ನ ನಂಬರಿನ ಬಿಲ್ಲೆ ಚಾಚಬೇಕು, ಅವಳು ಅದನ್ನು ಮೊಳೆಗೆ ನೇತುಹಾಕಿ ದೀಪ ಕೊಡಬೇಕು. ಹೊತ್ತಿಸಿಯೇ ಕೊಡುತ್ತಾಳೆ, ಗಣಿಯ ಬಾಯಿ ಮುಟ್ಟುವವರೆಗೆ ಆರಿಸುವಂತಿಲ್ಲ. "ಗುಡ್ಡ ಹತ್ತುವಾಗ ಕೆಟ್ಟರೆ ಇಳಿದು ಬಾ, ಬೇರೆ ಕೊಡ್ತೀನಿ. ಒಳಗಡೆ ಕೆಟ್ಟರೆ ನಿಮ್ಮಜ್ಜನ ಹತ್ತಿರ ಇಸ್ಕೊಳ್ತೀಯಾ?" ಎಂಬುದು ಹೊಸಬರಿಗೆ ಅವಳು ಮಾಡುವ ಮೊದಲ ಉಪದೇಶ.

ಆ ಕಿಟಕಿ ಬೀದಿಯ ಕಡೆಗಿದೆ. ಗುಡ್ಡದ ದಾರಿ ಕೋಣೆಯ ಬೆನ್ನಿಗೆ. ಹಾಗಾಗಿ ತಾನು ಕೊಟ್ಟ ದೀಪಗಳು ಸಾಲಾಗಿ ಹತ್ತುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಕೊನೆಯವನು ಹೋದ ಮೇಲೂ ಅವಳಿಗೆ ಬಿಲ್ಲೆ ಎಣಿಸುವುದಿರುತ್ತದೆ, ತಂತಿ ಒರೆಸುವುದಿರುತ್ತದೆ.

ಕೊನೆಯವನು ಯಾವಾಗಲೂ ಅವಳ ತಮ್ಮನೇ. ಆರಡಿ ಮೀರಿದ ಆಳು, ಹೆಸರು ಮಾತ್ರ ಗಿಡ್ಡ. ತಾಯಿ ಸತ್ತಾಗ ಅವನು ಅಂಬೆಗಾಲಿಡುತ್ತಿದ್ದ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳು. ಮದುವೆಯ ಮಾತು ಬಂದಾಗಲೆಲ್ಲ "ಇವನೊಬ್ಬ ದಡ ಸೇರಲಿ" ಎಂದು ಮುಂದೂಡಿ, ಆಮೇಲೆ ಮುಂದೂಡುವುದಕ್ಕೆ ಮಾತೇ ಬರದಂತಾಯಿತು. ಅದಕ್ಕಾಗಿ ಅತ್ತವಳಲ್ಲ. ಗಿಡ್ಡ ದಿನಾ ಸಂಜೆ ಎಲ್ಲರನ್ನೂ ಮುಂದೆ ಬಿಟ್ಟು, ಕಿಟಕಿಗೆ ಮೊಣಕೈ ಊರಿ ಹರಟುತ್ತಿದ್ದ. ತಮ್ಮನಿಗೆ ತನ್ನ ಮೇಲೆ ಎಷ್ಟು ಪ್ರೀತಿ ಎಂದು ಅವಳು ಒಳಗೊಳಗೇ ಉಬ್ಬುತ್ತಿದ್ದಳು.

ಫೋಟೊ ತೆಗೆಯುವವನೊಬ್ಬ ಊರಿಗೆ ಬಂದದ್ದು ನಮ್ಮ ಕಾರ್ಮಿಕ ಸಂಘ ಕರೆಸಿದ್ದಕ್ಕೆ. ಗಣಿಯೊಳಗಿನ ಗಾಳಿಯ ಬಗ್ಗೆ ವಿಚಾರಣೆ ನಡೆಯುತ್ತಿತ್ತು. ಯಾರಿಗೂ ಉಸಿರಿನ ತೊಂದರೆಯೇ ಇಲ್ಲ ಎಂದು ಕಂಪನಿಯ ಡಾಕ್ಟರು ಬರೆದುಕೊಟ್ಟಿದ್ದ. ನಮ್ಮವರೂ ಸಾಕ್ಷಿ ಹೇಳಲು ಬಾಯಿಬಿಡುತ್ತಿರಲಿಲ್ಲ. ದಮ್ಮು ಅಂದವನಿಗೆ ಮಾರನೇ ದಿನ ಬಿಲ್ಲೆ ಇಲ್ಲ, ತಿಂಗಳೊಳಗೆ ಕಂಪನಿಯ ಮನೆ ಖಾಲಿ. ಪತ್ರಿಕೆಯವರನ್ನು ಕರೆದು ಕರೆದು ಸಾಕಾಗಿ, ಕೊನೆಗೆ ಪರಿಚಯದವರೊಬ್ಬರ ಮೂಲಕ ಜಾಹೀರಾತಿನ ಫೋಟೊ ತೆಗೆಯುವ ಇವನನ್ನು ಹಿಡಿದೆವು. ಎರಡು ರೈಲು, ಒಂದು ಲಾರಿ ಹತ್ತಿ ಇಳಿದಾಗ ಅವನ ಕಪ್ಪು ಅಂಗಿ ಬೆಳ್ಳಗಾಗಿತ್ತು.

"ಏನೇನು ಫೋಟೊ ತೆಗೀತೀರಿ ಸಾರ್?" ಎಂದು ಪಾಳಿಯವನೊಬ್ಬ ಕೇಳಿದ.

"ಸೋಪು, ಕೈಗಡಿಯಾರ. ಹೆಚ್ಚಾಗಿ ಬಿಸ್ಕತ್ತು."

"ಬಿಸ್ಕತ್ತಿಗೆ ಯಾಕೆ ಫೋಟೊ? ಅದೇನು ಕೆಲಸಕ್ಕೆ ಅರ್ಜಿ ಹಾಕುತ್ತಾ?"

ಅಂದಿನಿಂದ ಅವನು ಬಿಸ್ಕತ್ತಿನವನಾದ.

ನಮ್ಮದು ಬಿಳಿ ಕಲ್ಲಿನ ಗಣಿ. ಪುಡಿ ಎಲ್ಲದರ ಮೇಲೂ ಕೂರುತ್ತದೆ: ಚಾವಣಿ, ಸೈಕಲ್ಲಿನ ಸೀಟು, ಮಲಗಿದ ನಾಯಿ, ಒಣಹಾಕಿದ ಬಟ್ಟೆ. ಚಳಿಗಾಲದ ಸಂಜೆ ಹೊತ್ತು ಮುಳುಗಿದ ಮೇಲೆ ಆ ಪುಡಿಯೇ ಒಂದಿಷ್ಟು ಬೆಳಕನ್ನು ತಡೆದಿಟ್ಟುಕೊಂಡಂತೆ ಊರು ಮಸುಕಾಗಿ ಹೊಳೆಯುತ್ತಿರುತ್ತದೆ. ನಡೆಯುವವರ ಹೆಜ್ಜೆ ಸಪ್ಪಳವಾಗುವುದಿಲ್ಲ. ಮನುಷ್ಯರು ನೀರಿನ ತಳದಲ್ಲಿ ಸುಳಿದಾಡುವ ಹಾಗೆ ಕಾಣುತ್ತಾರೆ. ಕರೆದರೆ ದನಿ ತುಸು ತಡವಾಗಿ ಬಂದಂತೆ ಅನಿಸುತ್ತದೆ. ಹೊರಗಿನವನಿಗೆ ಇದು ಕನಸು. ಒಳಗಿನವನಿಗೆ ಎದೆಯಲ್ಲಿ ಕೂತ ಕಲ್ಲು. ಬಿಸ್ಕತ್ತಿನವನು ಮೂರು ದಿನ ಬಾಯಿ ತೆರೆದುಕೊಂಡು ಓಡಾಡಿದ. "ಬಾಯಿ ಮುಚ್ಕೊಂಡು ನೋಡಪ್ಪಾ, ಪುಡಿ ಹೋಗುತ್ತೆ" ಎಂದು ನಾನೇ ಗದರಿದೆ.

ನಾಲ್ಕನೇ ಸಂಜೆ ಅವನು ಸಂಘದ ಆಫೀಸಿನ ಮಾಳಿಗೆ ಮೇಲೆ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿದ. ಎದುರಿಗೇ ಗುಡ್ಡ. ಕ್ಯಾಮೆರಾದ ಕಣ್ಣನ್ನು ಕಾಲುಗಂಟೆ ಮುಚ್ಚದೆ ತೆರೆದಿಟ್ಟ. ಹಾಗೆ ಇಟ್ಟರೆ ಮನುಷ್ಯರು ಕತ್ತಲಲ್ಲಿ ಕರಗಿ ಹೋಗುತ್ತಾರೆ, ದೀಪ ಸಾಗಿದ ದಾರಿ ಮಾತ್ರ ಗೆರೆಯಾಗಿ ಉಳಿಯುತ್ತದೆ ಎಂದ. ಮೊದಲ ಫೋಟೊದಲ್ಲಿ ಇಡೀ ಪಾಳಿಯೇ ಒಂದು ಹಳದಿ ಹೊಳೆಯಾಗಿ ಗುಡ್ಡ ಏರಿತ್ತು. ಎರಡನೆಯದರಲ್ಲಿ ಹಿಂದೆ ಉಳಿದ ಒಂಬತ್ತೇ ಜನ. ಒಂಬತ್ತು ಬಿಡಿ ಗೆರೆಗಳು. ಅದು ಕೆಟ್ಟಿತು ಎಂದು ಅವನು ಅಳಿಸಲು ಹೊರಟಿದ್ದ. "ಗೆರೆ ನಯವಾಗಿ ಬಂದಿಲ್ಲ, ನೋಡಿ. ಅಲ್ಲಲ್ಲಿ ಗಂಟು ಬಿದ್ದಿದೆ."

ಚಂದದ ಮೊದಲ ಫೋಟೊವನ್ನು ಮರುದಿನ ಮಧ್ಯಾಹ್ನ ದೀಪದಕ್ಕನಿಗೆ ತೋರಿಸೋಣ ಎಂದು ಹೋದೆವು. ದೀಪ ಅವಳವೇ ತಾನೆ? ಅವಳು ಕೈ ಒರೆಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದಳು. "ನನ್ನ ಬೆನ್ನ ಹಿಂದೆ ಇಷ್ಟೆಲ್ಲ ನಡೀತಿತ್ತಾ?" ಎಂದಳು. ಅವನು ಖುಷಿಯಲ್ಲಿ ಕೆಟ್ಟ ಫೋಟೊವನ್ನೂ ತೆರೆದ.

"ಈ ಚುಕ್ಕೆ ಏನು?"

"ಅದೇ, ಗೆರೆ ಕೆಟ್ಟಿರೋದು. ದೀಪ ಒಂದೇ ಕಡೆ ನಿಂತುಬಿಟ್ಟರೆ ಬೆಳಕು ಅಲ್ಲೇ ಸೇರಿ ದಪ್ಪ ಆಗುತ್ತೆ."

"ಅಷ್ಟು ಕಡಿದಾದ ದಾರೀಲಿ ಯಾಕೆ ನಿಲ್ತಾರೆ?"

ಅವನು ನನ್ನ ಕಡೆ ನೋಡಿದ. ನನಗೆ ಆಗಲೇ ಹೊಳೆದಿತ್ತು. "ಉಸಿರಿಗೆ" ಎಂದೆ.

ಎಂಟು ಗೆರೆಗಳಲ್ಲಿ ಎರಡೆರಡು, ಮೂರು ಮೂರು ಚುಕ್ಕೆ. ಕೊನೆಯದರಲ್ಲಿ ಹನ್ನೊಂದು. ಉಳಿದ ಗೆರೆಗಳೆಲ್ಲ ಹಳದಿ. ಅದೊಂದು ಹಾಲಿನಂತೆ ಬಿಳುಪು. ದೀಪದಕ್ಕ ಆ ಗೆರೆಯ ಮೇಲೆ ಬೆರಳಿಟ್ಟು, ಒಂದೊಂದೇ ಚುಕ್ಕೆ ಮುಟ್ಟುತ್ತ ಮೇಲಕ್ಕೆ ಹೋದಳು. ಆಮೇಲೆ ಸ್ಟೂಲು ಎಳೆದುಕೊಂಡು ಕೂತಳು.

ಆ ತಿಂಗಳು ನಮೂನೆಗೆಂದು ಹೊಸ ಥರದ ಒಂದೇ ಒಂದು ದೀಪ ಬಂದಿತ್ತು. ಬೆಳಕು ಬೆಳ್ಳಗೆ, ತೂಕ ಅರ್ಧ. ಮೇಸ್ತ್ರಿಗೆ ಕೊಡಬೇಕಾದದ್ದು. ಇಪ್ಪತ್ತಾರು ವರ್ಷದಲ್ಲಿ ಅವಳು ಮಾಡಿದ ಒಂದೇ ಪಕ್ಷಪಾತವೆಂದರೆ ಅದಕ್ಕೆ ಗಿಡ್ಡನ ನಂಬರು ಬರೆದದ್ದು.

"ಅವನು ನನ್ನ ಹತ್ತಿರ ಹರಟೆ ಹೊಡೆಯೋಕೆ ಹಿಂದೆ ಉಳೀತಿರಲಿಲ್ಲ" ಎಂದಳು.

ಬರುವ ಸೋಮವಾರದಿಂದ ಗಿಡ್ಡನಿಗೆ ತೀರಾ ಕೆಳಗಿನ ಹಂತದಲ್ಲಿ ಕೆಲಸ. ಅಲ್ಲಿ ಗಾಳಿಯೂ ಪುಡಿಯೂ ಒಂದೇ. ಆರು ತಿಂಗಳು ತಾಳಿಕೊಂಡರೆ ಮೇಸ್ತ್ರಿ ಮಾಡುತ್ತೇವೆಂದು ಕಂಪನಿಯವರು ಹೇಳಿದ್ದರು. ಎದೆ ಸರಿಯಾಗಿದೆ ಎಂದು ಕಂಪನಿಯ ಡಾಕ್ಟರಿಂದ ಬರೆಸಿಕೊಂಡು ಬಂದ ಚೀಟಿಯನ್ನು ಅವನು ಅಕ್ಕನಿಗೆ ತೋರಿಸಿದ್ದ, ಅವಳು ಅದನ್ನು ಎರಡು ಸಲ ಓದಿದ್ದಳು.

ನಾನು ಒಳ್ಳೆಯವನಂತೆ ಬರೆದುಕೊಳ್ಳುವುದಿಲ್ಲ. ನನಗೆ ಹೆಸರು ಬೇಕಿತ್ತು. ಯಾವ ಗೆರೆ ಯಾರದೆಂದು ಹೇಳುವವರಿಲ್ಲದಿದ್ದರೆ ಆ ಫೋಟೊ ಗೋಡೆಗೆ ಹಾಕುವ ಚಿತ್ರ ಅಷ್ಟೇ. "ನಿನ್ನದೊಂದು ಮಾತು ಸಾಕು ದೀಪದಕ್ಕಾ, ವಿಚಾರಣೆ ತಿರುಗಿಬಿಡುತ್ತೆ" ಎಂದೆ.

"ನಾನು ಹೇಳಿದರೆ ಅವನ ಬಿಲ್ಲೆ ಹೋಗುತ್ತೆ."

"ಹೇಳದಿದ್ದರೆ?"

"ನನಗೂ ಬುದ್ಧಿ ಇದೆ. ಅದನ್ನೂ ನೀವೇ ಹೇಳಬೇಡಿ." ಅಷ್ಟು ಹೇಳಿ ನಮ್ಮಿಬ್ಬರನ್ನೂ ಹೊರಗೆ ಕಳಿಸಿದಳು.

ಆ ಸಂಜೆ ನಾವು ಬೀದಿಯ ಆಚೆ ಬದಿಗೆ ನಿಂತಿದ್ದೆವು. ಸಾಲು ಮುಗಿಯುತ್ತ ಬಂದು ಕೊನೆಗೆ ಗಿಡ್ಡ ಕಿಟಕಿಗೆ ಮೊಣಕೈ ಊರಿದ. "ಏನಕ್ಕಾ, ಮುಖ ಹುಳ್ಳಗೆ ಮಾಡ್ಕೊಂಡಿದ್ದೀಯ? ದೀಪ ಕೊಡು."

"ಇವತ್ತು ನಾನೂ ಬರ್ತೀನಿ, ನಡಿ."

"ಎಲ್ಲಿಗೆ?"

"ಮೇಲಕ್ಕೆ. ಗಣಿಯ ಬಾಯಲ್ಲಿ ನಾನೇ ಕೊಡ್ತೀನಿ." ಅವಳು ಬಿಳಿ ದೀಪವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಕೋಣೆಗೆ ಬೀಗ ಹಾಕಿ ಹೊರಗೆ ಬಂದಳು. ಪಾಳಿಯ ಹೊತ್ತಿನಲ್ಲಿ ಆ ಬಾಗಿಲಿಗೆ ಬೀಗ ಬಿದ್ದದ್ದನ್ನು ನಾನು ಕಂಡಿರಲಿಲ್ಲ.

ನಾವು ಸ್ವಲ್ಪ ದೂರ ಬಿಟ್ಟು ಹಿಂದೆ ಹೋದೆವು. ಗುಡ್ಡದ ನೆತ್ತಿಯಲ್ಲಿ ಇನ್ನೂ ನೀಲಿ ಬೆಳಕಿತ್ತು. ಮುಂದೆ ಹೋದವರ ದೀಪಗಳು ಯಾರ ತಲೆಯ ಮೇಲೂ ಇಲ್ಲದಂತೆ ತಾವೇ ತೇಲುತ್ತಿದ್ದವು. ಅಕ್ಕ ತಮ್ಮ ಅದರೊಳಗೆ ಎರಡು ನೆರಳು. ಮೊದಲ ತಿರುವಿನಲ್ಲಿ ಉದ್ದನೆಯ ನೆರಳು ನಿಂತಿತು.

"ಏನಾಯ್ತೋ?"

"ಬೂಟಿನೊಳಗೆ ಕಲ್ಲು ಸೇರ್ಕೊಂಡಿದೆ."

"ಕೂತ್ಕೊ." ಅವಳು ಮಂಡಿಯೂರಿ ಬೂಟು ಎಳೆದು, ತಲೆಕೆಳಗೆ ಮಾಡಿ ಬಡಿದಳು. ಏನೂ ಬೀಳಲಿಲ್ಲ. ಮತ್ತೆ ತೊಡಿಸಲಿಲ್ಲ, ಕೈಯಲ್ಲೇ ಹಿಡಿದುಕೊಂಡಳು. "ನಡಿ."

ಇನ್ನಿಪ್ಪತ್ತು ಹೆಜ್ಜೆ. ಮತ್ತೆ ನಿಂತ.

"ಈಗ?"

"ಈ ಕಾಲಿಂದು."

ಅದನ್ನೂ ಎಳೆದು ಬಡಿದಳು. ಖಾಲಿ. ಅವನು ಬರಿಗಾಲಲ್ಲಿ ಎದ್ದು, ಹಟಕ್ಕೆ ಬಿದ್ದವನಂತೆ ಎಂಟು ಹತ್ತು ಹೆಜ್ಜೆ ದಾಪುಗಾಲಿಟ್ಟ. ಆಮೇಲೆ ಎರಡೂ ಕೈ ತೊಡೆಗೆ ಊರಿ ಬಗ್ಗಿದ. ನೆಪ ಹೇಳಲು ಇನ್ನು ಬೂಟಿರಲಿಲ್ಲ. ಅವನ ಎದೆಯಿಂದ ಬರುತ್ತಿದ್ದ ಸದ್ದು ನಮ್ಮವರೆಗೂ ಕೇಳಿಸಿತು, ಒದ್ದೆ ಹಗ್ಗ ರಾಟೆಯ ಮೇಲೆ ಜಾರಿದ ಹಾಗೆ. ಬಿಸ್ಕತ್ತಿನವನ ಕುತ್ತಿಗೆಯಲ್ಲಿ ಕ್ಯಾಮೆರಾ ಇತ್ತು. ಅವನು ಅದನ್ನು ಮುಟ್ಟಲಿಲ್ಲ.

"ಯಾರು ಹೇಳಿದ್ರು ನಿಂಗೆ?" ಉಸಿರು ಸಿಕ್ಕ ಮೇಲೆ ಗಿಡ್ಡ ಕೇಳಿದ.

"ನೀನೇ. ಒಂದೇ ಸಂಜೇಲಿ ಹನ್ನೊಂದು ಸಲ."

"ಅಕ್ಕಾ, ಆರೇ ತಿಂಗಳು. ಮೇಸ್ತ್ರಿ ಆದಮೇಲೆ ಮೇಲೇ ಇರ್ತೀನಿ. ಯಾರಿಗೂ ಹೇಳಬೇಡವೇ."

"ಆರು ತಿಂಗಳು ನಿನಗೆ ಯಾರು ಕೊಟ್ಟಿದ್ದಾರೋ?"

"ಮನೆ ಹೋಗುತ್ತೆ."

"ಹೋಗಲಿ."

"ನಿನ್ನ ಕೆಲಸಾನೂ ತೆಗೀತಾರೆ."

"ತೆಗೀಲಿ. ಇಬ್ಬರೂ ಒಟ್ಟಿಗೆ ಕೂತು ಕಂಪನೀನ ಬೈಯೋಣ." ಅವಳು ಬೂಟುಗಳನ್ನು ಎದೆಗವಚಿಕೊಂಡು ಅವನ ಪಕ್ಕದಲ್ಲೇ ಕೂತಳು. ಮೇಲಿನ ದೀಪಗಳು ಒಂದೊಂದಾಗಿ ಗಣಿಯ ಬಾಯೊಳಗೆ ಇಳಿದು ಮರೆಯಾದವು. ಗುಡ್ಡ ಬರಿದಾಯಿತು. ಕೆಳಗೆ ಬೀಗ ಕಂಡ ಗುಮಾಸ್ತ ಬೀದಿಯಲ್ಲಿ ನಿಂತು ಅವಳನ್ನು ಕೂಗುತ್ತಿದ್ದ. ಆ ದನಿ ಬೇರೆ ಯಾವುದೋ ಊರಿನಿಂದ ಬಂದಂತಿತ್ತು.

ತಮ್ಮನ ಉಸಿರು ತಹಬಂದಿಗೆ ಬಂದ ಮೇಲೆ ಅವಳು ನನ್ನ ಕಡೆ ತಿರುಗಿದಳು. "ಬರ್ಕೊಳ್ಳಿ. ಬಿಳಿ ಗೆರೆ, ದೀಪದ ನಂಬರು ನೂರಾ ಹದಿನಾಲ್ಕು. ನನ್ನ ತಮ್ಮ. ದೀಪ ಕೊಟ್ಟವಳು ನಾನು."

"ಉಳಿದ ಎಂಟು?"

"ಕೊನೇಲಿ ದೀಪ ಇಸ್ಕೊಂಡವರು ಯಾರ್ಯಾರು ಅಂತ ನನಗೆ ಗೊತ್ತು. ಅವರವರ ಮನೆ ಬಾಗಿಲಿಗೆ ಹೋಗಿ ಕೇಳ್ತೀನಿ. ಹೇಳು ಅಂದವರದು ಹೇಳ್ತೀನಿ."

ಗಿಡ್ಡ ಬರಿಗಾಲಲ್ಲಿ ಗುಡ್ಡ ಇಳಿದು ಹೋದ. ಎರಡು ತಿಂಗಳು ಅಕ್ಕನ ಜೊತೆ ಮಾತಾಡಲಿಲ್ಲ. ಮನೆ ಹೋಯಿತು, ಈಗ ಇಬ್ಬರೂ ಸಂಘದ ಆಫೀಸಿನ ಹಿಂದಿನ ಕೋಣೆಯಲ್ಲಿದ್ದಾರೆ. ವಿಚಾರಣೆಯಲ್ಲಿ ಕಂಪನಿಯ ವಕೀಲರು ದೀಪದಕ್ಕನನ್ನು ಮೂರು ಗಂಟೆ ನಿಲ್ಲಿಸಿ ಪ್ರಶ್ನೆ ಕೇಳಿದರು. ಎಂಟರಲ್ಲಿ ಐದು ಜನ ಅವಳ ಹಿಂದಿನ ಬೆಂಚಿನಲ್ಲಿ ಬಂದು ಕೂತಿದ್ದರು. ಆರನೆಯವನು ತಡವಾಗಿ ಬಂದ, ಬಾಗಿಲಲ್ಲಿ ತುಸು ಹೊತ್ತು ನಿಂತು ಉಸಿರು ತೆಗೆದುಕೊಂಡ, ಆಮೇಲೆ ಒಳಗೆ ಬಂದ.