ಈರಯ್ಯನವರ ಪಾದ ಮತ್ತು ಪ್ರಸಾದ

2022ರ ಜನವರಿಯಲ್ಲಿ ನಾನು ಹುಕ್ಕೇರಿ ತಾಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಿಂಗ್ ಆಫೀಸರ್ ಆಗಿದ್ದೆ; ರೋಗಿಗಳ ಬಾಯಲ್ಲಿ 'ಬಾಯಾರ'. ವಾರಕ್ಕೆ ಎರಡು ದಿನ ಬಿಪಿ, ಶುಗರ್ ರೋಗಿಗಳ ತೂಕ ನೋಡಿ, ಊಟದ ಪದ್ಧತಿ ಹೇಳಿಕೊಡುವುದು ನನ್ನ ಪಾಲಿನ ಕೆಲಸ. ಇಪ್ಪತ್ತೊಂಬತ್ತು ವರ್ಷದ ಸರ್ವಿಸು. ಯಾರು ಪಥ್ಯ ಮಾಡಿದ್ದಾರೆ, ಯಾರು ಕದ್ದು ತಿಂದಿದ್ದಾರೆ ಎಂದು ಮುಖ ನೋಡಿಯೇ ಹೇಳಬಲ್ಲೆ ಎಂಬ ಹಮ್ಮು ನನಗಿತ್ತು. ಆ ಹಮ್ಮು ಮುರಿದವರು ಈರಯ್ಯನವರು. ನನ್ನ ವೃತ್ತಿಯಲ್ಲಿ ನಾನು ಎದೆಯುಬ್ಬಿಸಿ ಹೇಳಿಕೊಳ್ಳುವ ಕೇಸೂ ಅವರದೇ.

ಈರಯ್ಯನವರು ಯಮಕನಮರಡಿ ಹತ್ತಿರದ ಹಳ್ಳಿಯ ಜಂಗಮರು, ಲಿಂಗಾಯತರ ಮನೆಗಳಲ್ಲಿ ಪೂಜೆ ಮಾಡಿಸುವ ಅಯ್ಯನವರು. ವಯಸ್ಸು ಐವತ್ತನಾಲ್ಕು, ತೂಕ 92 ಕಿಲೋ. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆ, ಏಳರ ಒಳಗಿರಬೇಕಾದದ್ದು 9.6 ತೋರಿಸಿತ್ತು. ಎಡಗಾಲಿನ ಹೆಬ್ಬೆರಳ ಕೆಳಗೆ ವಾಸಿಯಾಗದ ಸಣ್ಣ ಗಾಯ. ನಮ್ಮ ಕಡೆ ಮನೆಯಲ್ಲಿ ಶುಭಕಾರ್ಯವಾದರೆ ಅಯ್ಯನವರನ್ನು ಕರೆಸಿ, ಪಾದ ತೊಳೆದು, ಹೂ ಏರಿಸಿ, ಅವರಿಗೆ ಬಡಿಸಿದ ಮೇಲೆಯೇ ಉಳಿದವರ ಊಟ. ಅಂಥ ಪಾದದಲ್ಲಿ ಗಾಯ.

"ನಮ್ಮ ಅಪ್ಪಾರಿಗೂ ಹಿಂಗs ಆಗಿತ್ರಿ ಬಾಯಾರ. ಮೊಣಕಾಲತನಾ ತೆಗದ್ರು. ಆಮ್ಯಾಲ ಒಬ್ರೂ ಪೂಜಾಕ್ಕ ಕರೀಲಿಲ್ಲ. ಹನ್ನೊಂದು ವರ್ಷ ಕಟ್ಟಿಮ್ಯಾಲ ಕುಂತು ದಾರಿ ನೋಡಿದ್ರು," ಎಂದರು. "ನನ್ನ ಕಾಲು ಉಳಸ್ರಿ."

ಡಾಕ್ಟರು ಮಾತ್ರೆ ಬರೆದರು, ಡ್ರೆಸ್ಸಿಂಗ್ ನಾನೇ ಮಾಡಿದೆ. ಹೊತ್ತಿಗೆ ಎರಡು ಜೋಳದ ರೊಟ್ಟಿ, ಬಟ್ಟಲು ತುಂಬ ಪಲ್ಯ, ಕಾಳು, ಒಂದು ಹಿಡಿ ಅನ್ನ, ಸಕ್ಕರೆಯಿಲ್ಲದ ಚಹಾ ಎಂದು ಬರೆದುಕೊಟ್ಟೆ. ಐದು ವಾರಕ್ಕೆ ಗಾಯ ಮಾಯಿತು. ಆಮೇಲೆ ಮೆತ್ತನೆಯ ಬೂಟು ಹಾಕಿಕೊಂಡು ದಿನಾ ನಲವತ್ತು ನಿಮಿಷ ನಡೆಯಬೇಕೆಂದು ಹೇಳಿದೆ. ನಡೆಯತೊಡಗಿದರು ಕೂಡ.

ಏಪ್ರಿಲ್‌ನಲ್ಲಿ ಮತ್ತೆ ಪರೀಕ್ಷೆ. 9.5. ತೂಕ ಅರ್ಧ ಕಿಲೋ ಹೆಚ್ಚಿತ್ತು. ಹೀಗೇ ಆದರೆ ಮುಂದಿನ ಸಲ ಇನ್ಸುಲಿನ್ ಶುರುಮಾಡಬೇಕಾಗುತ್ತದೆ ಎಂದರು ಡಾಕ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಸಾಲಿನಲ್ಲಿ ನಿಂತ ಮೂವತ್ತು ಮಂದಿಯ ಎದುರೇ, "ಅಯ್ಯಾರ, ಸುಳ್ಳು ಹೇಳಬ್ಯಾಡ್ರಿ. ಏನ್ ತಿಂತೀರಿ ಖರೆ ಹೇಳ್ರಿ," ಎಂದು ದಬಾಯಿಸಿದೆ. ಅವರು ತಲೆ ತಗ್ಗಿಸಿದರು. ಹೆಂಡತಿ ನೀಲಮ್ಮ ಮಾತ್ರ ತಿರುಗಿಬಿದ್ದರು: "ನಮ್ಮ ಮನ್ಯಾಗ ಸಕ್ರಿ ಡಬ್ಬೀನ ಇಲ್ರಿ. ಬಂದು ನೋಡ್ರಿ ಬೇಕಾದ್ರ!"

ಅವರ ಮನೆಗೆ ಹೋಗಿ ನೋಡುವ ಪ್ರಸಂಗ ಬರಲಿಲ್ಲ. ಅದೇ ಭಾನುವಾರ ಕಣಗಲಾದಲ್ಲಿ ನನ್ನ ಗೆಳತಿಯ ಗೃಹಪ್ರವೇಶ. ಪೂಜೆಗೆ ಬಂದವರು ಈರಯ್ಯನವರೇ. ಪಾದಪೂಜೆ ಮುಗಿಯಿತು, ತಟ್ಟೆ ಬಂತು. ತುಪ್ಪದಲ್ಲಿ ಮಿಂದ ನಾಲ್ಕು ಹೋಳಿಗೆ, ಬಟ್ಟಲು ತುಂಬ ಬೆಲ್ಲದ ಗೋದಿ ಹುಗ್ಗಿ, ಮೇಲೆ ಅನ್ನ ಸಾರು. ಮನೆಯ ಹಿರಿಯಳಾದ ಗಂಗವ್ವ ಕೈಬಿಚ್ಚಿ ಬಡಿಸುತ್ತಿದ್ದಳು. ಅಯ್ಯನವರು ಒಂದಗುಳೂ ಬಿಡದೆ ಉಂಡು, ತಟ್ಟೆಗೆ ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿದರು. ನಾನು ಪಡಸಾಲೆಯ ಕಂಬಕ್ಕೆ ಒರಗಿ ಎಲ್ಲ ನೋಡಿದೆ. ಅವರು ಹೊರಗೆ ಬಂದಿದ್ದೇ ತಡ, "ಇದೇನ್ರಿ ಅಯ್ಯಾರ?" ಎಂದೆ.

ಅವರ ಮುಖದಲ್ಲಿ ಕಳ್ಳತನದ ಒಂದು ಎಳೆಯೂ ಇರಲಿಲ್ಲ, ಬರೀ ಆಶ್ಚರ್ಯ.

"ಇದು ಊಟ ಅಲ್ರಿ ಬಾಯಾರ. ಪ್ರಸಾದ."

ವಾರಕ್ಕೆ ಎಷ್ಟು ಮನೆ ಎಂದು ಕೇಳಿದೆ. ಮದುವೆ, ಗೃಹಪ್ರವೇಶಗಳ ಕಾಲದಲ್ಲಿ ನಾಲ್ಕೈದು ಎಂದರು. ಅವರು ಸುಳ್ಳು ಹೇಳಿರಲಿಲ್ಲ. ನಾನು ಊಟದ ಬಗ್ಗೆ ಕೇಳಿದ್ದೆ, ಅವರು ಊಟದ ಬಗ್ಗೆ ಹೇಳಿದ್ದರು. ಲಿಂಗಾಯತರ ಮನೆಯಲ್ಲೇ ಹುಟ್ಟಿ, ಅಯ್ಯನವರಿಗೆ ಕೈಯಾರೆ ಹೋಳಿಗೆ ಬಡಿಸಿದ ನನಗೇ ಇದು ಹೊಳೆಯಲಿಲ್ಲವಲ್ಲ! ಅಲ್ಲೇ ಕೈಮುಗಿದು ತಪ್ಪಾಯಿತು ಎಂದೆ.

ಈಗ ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಪ್ರಸಾದ ಬೇಡವೆನ್ನಿ ಎಂದರೆ ಅವರು ಕಾಲನ್ನಾದರೂ ಬಿಟ್ಟಾರು, ಆ ಮಾತು ಕೇಳಲಾರರು. ಸ್ವಲ್ಪ ಯೋಚಿಸಿ, "ತಟ್ಟ್ಯಾಗ ಬಂದದ್ದು ಬಿಡಬಾರದು, ಖರೆ. ಆದ್ರ ತಟ್ಟಿ ತುಂಬs ಹಾಕಿಸಿಕೋಬೇಕು ಅಂತ ಎಲ್ಲ್ಯರ ಐತೇನ್ರಿ?" ಎಂದು ಕೇಳಿದೆ.

"ಇಲ್ರಿ," ಎಂದರು ಅವರು. "ಆದ್ರ ನೀಡೋರ ಮನಸು ನೋಯ್ತೈತಲ್ರಿ."

ಅದಕ್ಕೂ ಒಂದು ದಾರಿಯನ್ನು ಅವರೇ ಹುಡುಕಿಕೊಂಡರು. ಪೂಜೆಗೆ ಕರೆಯಲು ಬಂದವರಿಗೆ ಆಗಲೇ ಹೇಳಿಬಿಡುತ್ತಿದ್ದರು: ರೊಟ್ಟಿ, ಮೆಂತ್ಯ ಪಲ್ಯ, ಹೆಸರುಕಾಳು, ಸಿಹಿ ಒಂದೇ ಒಂದು ಚಮಚೆ. ಕರೆದೊಯ್ಯಲು ಬಂದ ಬೈಕು ಹತ್ತದೆ, ಮೂರು ನಾಲ್ಕು ಕಿಲೋಮೀಟರ್ ನಡೆದೇ ಹೋಗತೊಡಗಿದರು. ಎಲ್ಲರೂ ಸುಲಭಕ್ಕೆ ಒಪ್ಪಲಿಲ್ಲ. ಕಣಗಲಾದ ಅದೇ ಗಂಗವ್ವ ಇನ್ನೊಂದು ಪೂಜೆಯಲ್ಲಿ ಹುಗ್ಗಿಯ ಸೌಟು ಹಿಡಿದು, "ಅಯ್ಯಗ ಉಪಾಸ ಕೆಡವಿದ ಪಾಪ ನನಗ್ಯಾಕ?" ಎಂದು ಕಣ್ಣೀರು ಹಾಕಿದಳಂತೆ. ಈರಯ್ಯನವರು, "ಯವ್ವಾ, ಇವತ್ತ ಒಂದು ಚಮಚಾ ನೀಡು. ಇನ್ನೂ ಇಪ್ಪತ್ತು ವರ್ಷ ನಿನ್ನ ಮನಿಗಿ ನಡಕೊಂತ ಬರ್ತೇನಿ," ಎಂದರಂತೆ. ಮುದುಕಿ ಸೌಟು ಇಟ್ಟು ಚಮಚೆ ತಂದಳು.

2023ರ ಜನವರಿ: ತೂಕ 81, ಎಚ್‌ಬಿಎ1ಸಿ 6.7. ಇನ್ಸುಲಿನ್ ಮಾತೇ ಬರಲಿಲ್ಲ. ಡಾಕ್ಟರು ಒಂದು ಮಾತ್ರೆ ಕಡಿಮೆ ಮಾಡಿದರು. ಆ ರಿಪೋರ್ಟನ್ನು ನಾನು ಆಸ್ಪತ್ರೆಯ ಎಲ್ಲರಿಗೂ, ಕೊನೆಗೆ ಆಂಬ್ಯುಲೆನ್ಸ್ ಡ್ರೈವರ್‌ಗೂ ತೋರಿಸಿ ಬಂದೆ. ಹೆಮ್ಮೆ ಹೊಟ್ಟೆಯಲ್ಲಿ ಹಿಡಿಯುತ್ತಿರಲಿಲ್ಲ.

ಅಂದಿನಿಂದ ಕ್ಲಿನಿಕ್ಕಿನಲ್ಲಿ ನಾನು "ಏನು ತಿಂತೀರಿ?" ಎಂಬ ಪ್ರಶ್ನೆ ಬಿಟ್ಟೆ. "ಈ ವಾರ ಯಾರ್ಯಾರ ಮನಿಗಿ ಹೋಗಿದ್ರಿ, ಅವರು ಏನು ಕೊಟ್ರು?" ಎಂದು ಕೇಳತೊಡಗಿದೆ. ಎಷ್ಟೋ ಶುಗರ್ ಅಲ್ಲಿ ಸಿಕ್ಕಿಬಿತ್ತು. ರೋಗಿ ಸುಳ್ಳು ಹೇಳುತ್ತಾನೆ ಅನ್ನಿಸಿದಾಗ ಮೊದಲು ನನ್ನ ಪ್ರಶ್ನೆಯನ್ನು ಅನುಮಾನಿಸಬೇಕು. ಕೆಲಸ ನನಗೆ ಕಲಿಸಿದ್ದು ಇದು.

ಕಳೆದ ವರ್ಷ ನಾನು ನಿವೃತ್ತಳಾದಾಗ ಮನೆಯಲ್ಲಿ ಪೂಜೆ ಇಟ್ಟುಕೊಂಡು ಈರಯ್ಯನವರನ್ನೇ ಕರೆಸಿದೆ. ಪಾದ ತೊಳೆಯುವಾಗ ಕೈ ತನ್ನಷ್ಟಕ್ಕೆ ಬೆರಳುಗಳ ಸಂದು ಬಿಡಿಸಿತು, ಹಿಮ್ಮಡಿ ಒತ್ತಿತು, ಅಂಗಾಲು ತಿರುಗಿಸಿ ನೋಡಿತು. ಒಂದು ಗೀರೂ ಇರಲಿಲ್ಲ.

ಅಯ್ಯನವರು ನಕ್ಕರು. "ಪೂಜಾ ಮಾಡಾಕತ್ತೀರೋ, ತಪಾಸಣಿ ಮಾಡಾಕತ್ತೀರೋ ಬಾಯಾರ?"

"ನನಗ ಎರಡೂ ಒಂದs ರೀ," ಎಂದು ಹೂ ಏರಿಸಿದೆ.