ಹಂಡೆ ತುಂಬುವವರೆಗೆ

ಕೆಂಪಾಪುರದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್ ಕೆಲಸಕ್ಕೆ ನನ್ನ ತಂಗಿ ಡೆಮೊ ಕ್ಲಾಸ್ ಕೊಡಬೇಕಿತ್ತು. ಮಕ್ಕಳನ್ನು ಬೆಳೆಸುತ್ತ ಹನ್ನೆರಡು ವರ್ಷ ಮನೆಯಲ್ಲೇ ಉಳಿದವಳು. ಇದೂ ತಪ್ಪಿದರೆ ಇನ್ನೆಲ್ಲೂ ಅರ್ಜಿ ಹಾಕುವುದಿಲ್ಲ ಅಂತ ಹಟ ಹಿಡಿದಿದ್ದಳು. ಹಿಂದಿನ ದಿನ ಬೆಳಿಗ್ಗೆ ಆರ್.ಟಿ. ನಗರದ ನಮ್ಮ ಮನೆಗೆ ಬಂದು ನನ್ನನ್ನೇ ವಿದ್ಯಾರ್ಥಿ ಮಾಡಿಕೊಂಡು ಕೂತಳು.

"ಹಂಡೆಗೆ ಹತ್ತು ಬಿಂದಿಗೆ ನೀರು ಹುಯ್ಯಬೇಕು ಅಂದ್ಕೋ ಅಕ್ಕ. ಅದನ್ನ ಸಿ ಭಾಷೇಲಿ ಪ್ರೋಗ್ರಾಂ ಮಾಡೋಕೆ, ಎಣಿಕೆಗೊಂದು ಹೆಸರಿಟ್ಟು ಅದು ಪೂರ್ಣಾಂಕ ಅಂತ ಮೊದಲೇ ಹೇಳ್ಬೇಕು. ಮಾಡೋ ಕೆಲಸವೆಲ್ಲ ಫ್ಲವರ್ ಬ್ರಾಕೆಟ್ ಒಳಗೆ."

"ಜಾವಾ?"

"ಅದೂ ಹಂಗೇ. ಆದ್ರೆ ಎಲ್ಲಾನೂ ಒಂದು ಕ್ಲಾಸ್ ಒಳಗೆ ಕೂರಿಸ್ಬೇಕು. ಪೈಥಾನ್‌ಗೆ ಈ ಬಿಗುಮಾನ ಇಲ್ಲ. ಬ್ರಾಕೆಟ್ ಬೇಡ, ಸಾಲನ್ನ ಸ್ವಲ್ಪ ಒಳಗೆ ತಳ್ಳಿ ಬರೆದ್ರೆ ಸಾಕು."

ಲ್ಯಾಪ್‌ಟಾಪ್‌ನಲ್ಲಿ ಪೈಥಾನ್ ಪ್ರೋಗ್ರಾಂ ಓಡಿಸಿದಳು. "ಒಂದು ಬಿಂದಿಗೆ ಹುಯ್ದೆ" ಅಂತ ಪರದೆ ತುಂಬ ಬರುತ್ತಲೇ ಹೋಯಿತು, ನಿಲ್ಲಲೇ ಇಲ್ಲ. ಎಣಿಕೆ ಹೆಚ್ಚಿಸುವ ಸಾಲನ್ನು ಒಳಗೆ ತಳ್ಳುವುದು ಮರೆತಿದ್ದಳು. ಅದು ಲೂಪ್‌ನ, ಅಂದರೆ ಮತ್ತೆ ಮತ್ತೆ ನಡೆಯುವ ಸುತ್ತಿನ, ಹೊರಗೇ ಉಳಿದು ಎಣಿಕೆ ಹತ್ತು ಮುಟ್ಟಲೇ ಇಲ್ಲ.

ನಾನು ನಕ್ಕೆ.

"ನಗ್ಬೇಡ ಕಣೇ! ನಾಳೆ ಹಿಂಗೇ ಆದ್ರೆ?"

"ಯಲಹಂಕದ ಎಮ್ಮೆ ನೆನಪಿದ್ಯಾ?" ಅಂದೆ. ಅವಳಿಗೂ ನಗು ತಡೆಯಲಾಗಲಿಲ್ಲ.

ಆಗ ನನಗೆ ಎಂಟು ವರ್ಷ, ಯಲಹಂಕದ ಅಜ್ಜಿ ಮನೆಯಲ್ಲಿದ್ದೆವು. "ಹಂಡೆ ತುಂಬೋಗಂಟ ತಾರೇ" ಅಂದಿದ್ದರು ಅಜ್ಜಿ. ಬೀದಿ ನಲ್ಲಿಯ ಹತ್ತಿರ ಪಕ್ಕದ ಮನೆಯ ಖಾಲಾ ಉರ್ದುವಿನಲ್ಲಿ, ಬಾಡಿಗೆಮನೆಯವರು ತಮಿಳಿನಲ್ಲಿ ತಮ್ಮ ಮಕ್ಕಳಿಗೂ ಇದೇ ಕೆಲಸ ಹೇಳುತ್ತಿದ್ದರು. ನಾನು ಹೊತ್ತೆ, ಹುಯ್ದೆ, ಹೊತ್ತೆ, ಹುಯ್ದೆ. ಹಂಡೆ ತುಂಬಲೇ ಇಲ್ಲ. ನಾನು ನಲ್ಲಿಯತ್ತ ತಿರುಗಿದಾಗಲೆಲ್ಲ ತಾತ ಹಂಡೆಯಿಂದಲೇ ಮೊಗೆದು ಎಮ್ಮೆಯ ಮೈ ತೊಳೆಯುತ್ತಿದ್ದರು.

"ಎಣಿಸ್ಬಾರ್ದೇನೇ ಪೆದ್ದಿ! ಎಮ್ಮೆ ಮದುವಣಗಿತ್ತಿ ಆಗೋಯ್ತು!" ಅಂದ ಅಜ್ಜಿ, ಇದ್ದಿಲ ಚೂರೊಂದು ಕೈಗಿಟ್ಟರು. ಅಂದಿನಿಂದ ಪ್ರತಿ ಬಿಂದಿಗೆಗೂ ಗೋಡೆಯ ಮೇಲೊಂದು ಗೆರೆ. "ಹುಯ್ದ ತಕ್ಸಣ ಎಳೀಬೇಕು. ಎಲ್ಲಾ ಆದ್ಮೇಲೆ ಎಳೀತೀನಿ ಅಂದ್ರೆ ಆಗಾಕಿಲ್ಲ." ಹತ್ತು ಗೆರೆಗೆ ನಿಲ್ಲಿಸಬೇಕು. ಆ ಗೋಡೆ ಈಗಿಲ್ಲ. ಬೆರಳಿನ ಕಪ್ಪು ಮಾತ್ರ ನೆನಪಿದೆ.

ಮರುದಿನ ಶಾಲೆಯ ಎದುರಿನ ಬೇಕರಿಯಲ್ಲಿ ಕಾದೆ. ಎರಡು ಟೀ ಮುಗಿದ ಮೇಲೆ ಬಂದಳು.

"ಅಲ್ಲೂ ಅದೇ ತಪ್ಪು ಮಾಡ್ದೆ."

"ಅಯ್ಯೋ, ಮತ್ತೆ?" ಅಂದೆ.

"ಬೇಕಂತಲೇ ಕಣೇ. ಯಾಕೆ ನಿಲ್ತಿಲ್ಲ ಅಂತ ಮಕ್ಕಳನ್ನೇ ಕೇಳಿ, ಎಮ್ಮೆ ಕಥೆ ಹೇಳ್ತಾ ಬೋರ್ಡ್ ಮೇಲೆ ಅಜ್ಜಿ ಗೆರೆ ಎಳೆದೆ. 'ಮಿಸ್, ಗೆರೆ ಒಳಗಡೆ ಬರ್ಬೇಕು' ಅಂತ ಒಬ್ಳು ಕೂಗಿದ್ಳು."

"ಹೆಡ್‌ಮೇಡಂ?"

"ಎಮ್ಮೆ ಕಥೆ ಇನ್ನೊಂದ್ಸಲ ಹೇಳಿಸಿಕೊಂಡು ನಕ್ರು. ಸೋಮವಾರದಿಂದ ಬನ್ನಿ ಅಂದ್ರು."